ಪ್ರಾಗ್‌ಗೆ ಹೋದ ಮಾವನವರ ದಿಕ್ಸೂಚಿ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಆದ ದಾಖಲೆ ಇಲ್ಲ. ಹಾಲು ತರೋಕೆ ಹೋದವರೂ ಹಾಲಿನ ಜೊತೆ ಒಂದು ಕಥೆ ಹೊತ್ತುಕೊಂಡೇ ಬರುತ್ತಾರೆ. ಇನ್ನು ಮನೆ ಕೊಳ್ಳೋದು ಅಂದರೆ ಕೇಳಬೇಕೇ? ಅಮೆರಿಕಾದ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಒಂದು ಸಾಧಾರಣ ಇಟ್ಟಿಗೆ ಮನೆ ಕೊಳ್ಳೋದಕ್ಕೆ ನಾವು ಯುರೋಪಿನ ಪ್ರಾಗ್ ನಗರದ ತನಕ ಹೋಗಿಬರಬೇಕಾಯಿತು ಅಂದರೆ ಈಗಲೂ ಯಾರೂ ನಂಬೋದಿಲ್ಲ. ನಂಬಬೇಡಿ, ಆದರೆ ಕೇಳಿ.

ಯಮನ ದಿಕ್ಕು

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ ಆಗಿತ್ತು. ನಾನು ಮೈಸೂರಿನವಳು, ನಮ್ಮ ಯಜಮಾನರು ಧಾರವಾಡದವರು, ಇಬ್ಬರೂ ಸಾಫ್ಟ್‌ವೇರ್. ಮಗಳು ಎರಡನೇ ಕ್ಲಾಸು. ಕನ್ನಡ ಎಲ್ಲಾ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ಮದುವೆ ಆದಾಗಿನಿಂದ ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ನನ್ನ ತುಳಸಿ ಕುಂಡ ಹೊತ್ತು ತಿರುಗಿ ಸಾಕಾಗಿತ್ತು. ಬೆಳಿಗ್ಗೆ ಮಿಕ್ಸಿ ಹಾಕಿದರೆ ಕೆಳಗಿನ ಮನೆಯವನು ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಿದ್ದ. ಹಾಗಾಗಿ ಬೆಳಗಿನ ಚಟ್ನಿಯನ್ನು ಹಿಂದಿನ ರಾತ್ರಿ ಊಟದ ಹೊತ್ತಿಗೇ ರುಬ್ಬಿ ಇಡುತ್ತಿದ್ದೆವು.

ಆಗ ಸಿಕ್ಕಿತು ಆ ಮನೆ. ಒಂದೇ ಅಂತಸ್ತು, ಹಿತ್ತಲಲ್ಲಿ ಅಕ್ರೋಟಿನಂಥ ಕಾಯಿ ಬಿಡೋ ದೊಡ್ಡದೊಂದು ಪೀಕಾನ್ ಮರ, ಪಾತ್ರೆ ತೊಳೆಯೋ ಸಿಂಕ್ ಮುಂದೆ ಕಿಟಕಿ, ಕಿಟಕಿಯಿಂದ ಆ ಮರ ಕಾಣುತ್ತೆ. ಸ್ಕೂಲು ಪಕ್ಕದ ರಸ್ತೆಯಲ್ಲೇ. ನೋಡಿದ ತಕ್ಷಣ ನನ್ನ ತುಳಸಿ ಕುಂಡ ಇಡೋ ಜಾಗ ಗೊತ್ತುಮಾಡಿಬಿಟ್ಟೆ. ಇದೇ ನನ್ನ ಮನೆ, ಬೇರೆ ಯಾವುದೂ ಬೇಡ ಅಂದೆ.

ಆದರೆ ಆಗ ಮಾವನವರು, ಅತ್ತೆ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದರು. ಮಾವನವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಸರ್ವಿಸ್ಸಿನ ಉದ್ದಕ್ಕೂ ಮನೆ ಸಾಲದ ಇನ್‌ಸ್ಪೆಕ್ಷನ್ನಿಗೆ ಹೋಗಿ ಹೋಗಿ ಅವರಿಗೆ ಎರಡು ಅಭ್ಯಾಸ ಅಂಟಿಕೊಂಡಿದ್ದವು. ಒಂದು, ಕಂಡ ಗೋಡೆಯನ್ನೆಲ್ಲ ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿದು ಕಿವಿಕೊಟ್ಟು ಕೇಳೋದು. ಇನ್ನೊಂದು, ಜೇಬಿನಲ್ಲಿ ಸದಾ ಒಂದು ಹಿತ್ತಾಳೆ ದಿಕ್ಸೂಚಿ. ಮನೆಯ ಮುಂಬಾಗಿಲಲ್ಲಿ ನಿಂತು ದಿಕ್ಸೂಚಿ ತೆಗೆದರು. ಮುಳ್ಳು ಒದ್ದಾಡಿ ನಿಂತಿತು. ಮಾವನವರ ಮುಖ ಇಳಿಯಿತು.

"ಯವ್ವಾ, ಮನಿ ಛಂದ ಅದ. ಗ್ವಾಡಿ ಗಟ್ಟಿ ಅದ. ಆದ್ರ ಬಾಗಲಾ ದಕ್ಷಿಣಕ್ಕ ಅದ. ಯಮನ ದಿಕ್ಕು. ಬ್ಯಾಡ."

"ಮಾವ, ಇದು ಅಮೆರಿಕಾ. ಯಮನಿಗೆ ಇಲ್ಲಿ ವೀಸಾ ಸಿಗಲ್ಲ" ಅಂದೆ.

"ಅವಗ ಎಲ್ಲಾ ಕಡೆ ಮಲ್ಟಿಪಲ್ ಎಂಟ್ರಿ ಇರ್ತದವಾ" ಅಂದರು.

ಯಜಮಾನರ ಕಡೆ ನೋಡಿದೆ. ಅವರು ಪೀಕಾನ್ ಮರ ನೋಡುತ್ತಾ ನಿಂತಿದ್ದರು. ಅಪ್ಪ ಒಪ್ಪದೆ ಸಹಿ ಮಾಡೋ ಗಂಡಸಲ್ಲ ಅವರು. ಮಾರುವವರು ಒಬ್ಬ ಅಮೆರಿಕನ್ ಅಜ್ಜ, ಅಜ್ಜಿ. ನನ್ನ ಮುಖ ನೋಡಿ ಅಜ್ಜಿಗೆ ಅಯ್ಯೋ ಅನಿಸಿರಬೇಕು. "ನೀವು ಯುರೋಪ್ ಟ್ರಿಪ್ ಮುಗಿಸಿ ಬರೋ ತನಕ ಕಾಯ್ತೀವಿ, ಆಮೇಲೆ ಬೇರೆಯವರಿಗೆ ಕೊಡ್ತೀವಿ" ಅಂದರು. ಟ್ರಿಪ್ ಅಂದರೆ ಯಜಮಾನರಿಗೆ ಪ್ರಾಗ್‌ನಲ್ಲಿ ಕಂಪನಿ ಕೆಲಸ ಇತ್ತು, ಇಡೀ ಸಂಸಾರ ಬಾಲದ ಹಾಗೆ ಹೊರಟಿತ್ತು. ಮಾವನವರ ಮನಸ್ಸು ತಿರುಗಿಸೋಕೆ ನನಗೆ ಉಳಿದಿದ್ದು ಅಷ್ಟೇ ಕಾಲ.

ಕ್ಲಿಯರ್ ಲೇಕ್ ಅಂಕಲ್

ವಿಜ್ಞಾನದ ಸಹಾಯ ತಗೊಳ್ಳೋಣ ಅಂತ ಪ್ಲಾನ್ ಮಾಡಿದೆ. ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿ ನಮಗೆ ಬೇಕಾದ ಒಬ್ಬ ಅಂಕಲ್ ಇದ್ದರು. ಬಾಹ್ಯಾಕಾಶದ ಕೆಲಸ ಮಾಡೋ ಎಂಜಿನಿಯರ್. ಆಕಾಶಕ್ಕೆ ಏನೇನೋ ಹಾರಿಸೋರು, ಇಂಥವರು ಒಂದು ಮಾತು ಹೇಳಿದರೆ ಮಾವನವರು ಕೇಳದೆ ಇರ್ತಾರಾ ಅಂತ ಹೊರಡೋ ಮುಂಚಿನ ಶನಿವಾರ ಎಲ್ಲರನ್ನೂ ಕಾರಲ್ಲಿ ತುಂಬಿಕೊಂಡು ಹೋದೆ.

ಊಟ ಆದ ಮೇಲೆ ಮಾತು ತೆಗೆದೆ. "ಅಂಕಲ್, ನೀವೇ ಹೇಳಿ. ಅಂತರಿಕ್ಷದಲ್ಲಿ ಪೂರ್ವ, ಪಶ್ಚಿಮ, ದಕ್ಷಿಣ ಅಂತ ಇದೆಯಾ?"

"ಇಲ್ಲಮ್ಮಾ, ಏನೇನೂ ಇಲ್ಲ."

ನಾನು ಗೆದ್ದೆ ಅಂತ ಮಾವನವರ ಕಡೆ ತಿರುಗಿದೆ.

"ಅದಕ್ಕೇ ನೋಡು" ಅಂಕಲ್ ಮುಂದುವರಿಸಿದರು, "ದಿನವಿಡೀ ದಿಕ್ಕಿಲ್ಲದ ಕಡೆ ಕೆಲಸ ಮಾಡಿ ಮನೆಗೆ ಬಂದ ಮೇಲಾದರೂ ಸರಿಯಾದ ದಿಕ್ಕಿರಲಿ ಅಂತ ನಾನು ಪೂರ್ವದ ಬಾಗಿಲಿನ ಮನೆಯನ್ನೇ ಹುಡುಕಿ ತಗೊಂಡೆ. ಬನ್ನಿ ಸಾರ್, ಈಶಾನ್ಯದಲ್ಲಿ ದೇವರ ಮನೆ ತೋರಿಸ್ತೀನಿ. ದಕ್ಷಿಣದ ಬಾಗಿಲು ಮಾತ್ರ ಬೇಡವೇ ಬೇಡ, ಬಲು ಅಪಾಯ."

ಹೋಗುವಾಗ ಮಾವನವರ ಹತ್ತಿರ ಒಂದು ದಿಕ್ಸೂಚಿ ಇತ್ತು. ಬರುವಾಗ ಅಂಕಲ್ ಪ್ರೀತಿಯಿಂದ ಕೊಟ್ಟ ಇನ್ನೊಂದೂ ಸೇರಿತ್ತು. ಡಲ್ಲಾಸ್ ತನಕ ಮಾವನವರು ಎರಡನ್ನೂ ಪಕ್ಕಪಕ್ಕ ಹಿಡಿದು ತಾಳೆ ನೋಡುತ್ತಾ ಬಂದರು.

ಹಿತ್ತಲ ದಾರಿ

ಪ್ರಾಗ್‌ನಲ್ಲಿ ನಾವು ಉಳಿದದ್ದು ಹಳೇ ಪಟ್ಟಣದ ಒಂದು ಗಲ್ಲಿಯಲ್ಲಿ, ಒಬ್ಬ ಅಜ್ಜಿಯ ಮನೆಯ ಮೇಲಂತಸ್ತಿನಲ್ಲಿ. ಎಂಥ ಗಲ್ಲಿ ಅಂತೀರಿ! ಒಂದು ಮನೆಗೆ ದುಂಡು ಕಮಾನು, ಪಕ್ಕದ್ದಕ್ಕೆ ಮೊನಚು ಕಮಾನು, ಅದರ ಪಕ್ಕದ್ದಕ್ಕೆ ಗಾರೆಯಲ್ಲಿ ಮಾಡಿದ ಗುಂಡುಗುಂಡು ದೇವದೂತರು, ತುದಿಯಲ್ಲಿ ಬಣ್ಣದ ಗಾಜಿನ ಹೂಬಳ್ಳಿ. ನೂರಾರು ವರ್ಷ ಅಂತರದ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಪ್ಲೇನೋದಲ್ಲಿ ಎಲ್ಲಾ ಮನೆಗೂ ಒಂದೇ ಮುಖ. ಮಾವನವರು ಒಂದು ಸಲ ವಾಕಿಂಗ್ ಮುಗಿಸಿ ನಮ್ಮದೇ ಅಂದುಕೊಂಡು ಬೇರೆ ಯಾರದೋ ಅಪಾರ್ಟ್‌ಮೆಂಟಿಗೆ ಹೋಗಿ ಕೂತು ಅವರ ಹತ್ತಿರ ನೀರು ಕೇಳಿದ್ದರು.

ನಾನು ಮೇಲೆ ನೋಡುತ್ತಾ ಮೈಮರೆತಿದ್ದಾಗ ಅತ್ತೆಯವರ ದನಿ ಕೇಳಿತು. "ಅಲ್ರೀ, ಬ್ಯಾಗ್ ಎತ್ತಿ ಒಳಗ ನಡೀರಿ."

ಮಾವನವರು ಅಲ್ಲಾಡಲಿಲ್ಲ. ಎಡಗೈಯಲ್ಲೊಂದು ದಿಕ್ಸೂಚಿ, ಬಲಗೈಯಲ್ಲೊಂದು. "ದಕ್ಷಿಣ. ಎರಡೂ ದಕ್ಷಿಣನs ತೋರಸ್ತಾವ. ನಾ ಒಲ್ಲೆ."

ಕಲ್ಲುಹಾಸಿನ ಬೀದಿಯಲ್ಲಿ ಸೂಟ್‌ಕೇಸುಗಳ ಮಧ್ಯೆ ನಮ್ಮ ಪಂಚಾಯಿತಿ ಶುರುವಾಯಿತು. ಯಜಮಾನರು ಅಜ್ಜಿಗೆ ಏನೋ ಹೇಳಿ ಸಮಾಧಾನ ಮಾಡೋಕೆ ಹೊರಟರು. "ಇವರು ನಮ್ಮಪ್ಪ. ಮುಂದಿನ ಬಾಗಿಲಿಂದ ಬರಲ್ಲ. ಒಂದು ಕಾರಣ ಇದೆ" ಅಂತ ಇಂಗ್ಲಿಷಲ್ಲಿ ತಡವರಿಸಿದರು. ಅಜ್ಜಿಗೆ ಅಲ್ಪಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಆಕೆ ಮಾವನವರನ್ನು ಮೇಲಿಂದ ಕೆಳಗೆ ನೋಡಿದರು, ಬೀದಿಯ ಆ ತುದಿ ಈ ತುದಿ ನೋಡಿದರು, ತುಟಿಯ ಮೇಲೆ ಬೆರಳಿಟ್ಟರು, ಮಾವನವರ ತೋಳು ಹಿಡಿದು ಪಕ್ಕದ ಕತ್ತಲೆ ಕಮಾನಿನೊಳಗೆ ಸರಸರ ಎಳೆದುಕೊಂಡು ಹೋದರು. ಕಸದ ಡಬ್ಬಿ, ಬಿಯರ್ ಪೀಪಾಯಿ, ಒಣಹಾಕಿದ ಬಟ್ಟೆ ಎಲ್ಲಾ ದಾಟಿ ಅಂಗಳ. ಅಲ್ಲಿಂದ ಉತ್ತರಕ್ಕೆ ಒಂದು ಹಿತ್ತಲ ಬಾಗಿಲು.

"ನಿಮ್ಮ ಮಾವ ನಿಮ್ಮ ದೇಶದಲ್ಲಿ ಸರ್ಕಾರದ ವಿರೋಧಿಯಾ?" ಅಜ್ಜಿ ಆಮೇಲೆ ನನ್ನ ಕಿವಿಯಲ್ಲಿ ಕೇಳಿದರು. ಹಿಂದೆ ಕಮ್ಯುನಿಸ್ಟರ ಕಾಲದಲ್ಲಿ ಪೊಲೀಸರ ಕಣ್ಣು ತಪ್ಪಿಸಬೇಕಾದವರೆಲ್ಲ ಅದೇ ದಾರಿಯಲ್ಲಿ ಬರುತ್ತಿದ್ದರಂತೆ. "ಹೌದು, ಸೊಸೆಯ ಸರ್ಕಾರದ ವಿರೋಧಿ" ಅಂದೆ. ಅವತ್ತಿನಿಂದ ಅಜ್ಜಿ ಮಾವನವರಿಗೆ ದಿನಾ ಎರಡು ಚಮಚ ಸಕ್ಕರೆ ಹೆಚ್ಚು ಹಾಕಿ ಕಾಫಿ ಕೊಡೋರು.

ಟೈಟಲ್ ಕ್ಲಿಯರ್ ಇಲ್ಲ

ಯಜಮಾನರ ಕೆಲಸ ಮುಗಿದ ಮೇಲೆ ಬೆಟ್ಟದ ಮೇಲಿನ ಕೋಟೆಗೆ ಹೋದೆವು. ಕೆಂಪು ಛತ್ರಿ ಹಿಡಿದ ಗೈಡ್ ಹುಡುಗಿ ಒಂದೊಂದೇ ಕಟ್ಟಡದ ಶೈಲಿ ವಿವರಿಸುತ್ತಿದ್ದಳು. ಇಡೀ ಗುಂಪು ಕತ್ತೆತ್ತಿ ಶಿಖರ ನೋಡುತ್ತಿದ್ದರೆ ಮಾವನವರು ಬಗ್ಗಿ ತಳಪಾಯ ನೋಡುತ್ತಿದ್ದರು. ಟಕ್ ಟಕ್. "ಗಟ್ಟಿ ಅದ." ಮುಂದಿನ ಗೋಡೆ. ಟಕ್ ಟಕ್. "ಇಲ್ಲೆ ಸ್ವಲ್ಪ ಥಂಡಿ ಹಿಡದದ." ಒಬ್ಬ ಕಾವಲುಗಾರ ನಮ್ಮ ಹಿಂದೆಯೇ ಬರೋಕೆ ಶುರು ಮಾಡಿದ.

ದೊಡ್ಡ ಚರ್ಚಿನ ಮುಂದೆ ಗೈಡ್ ಹೇಳಿದಳು, "ಇದನ್ನು ಕಟ್ಟಿ ಮುಗಿಸೋಕೆ ಹತ್ತಿರ ಹತ್ತಿರ ಆರುನೂರು ವರ್ಷ ಹಿಡಿಯಿತು."

ಯಜಮಾನರ ಮುಖ ಅರಳಿತು. ಅವರ ಪ್ರಾಜೆಕ್ಟ್ ಮೂರು ತಿಂಗಳು ಲೇಟ್ ಅಂತ ಆ ವಾರವಿಡೀ ಬೈಸಿಕೊಂಡಿದ್ದರು. "ಇದರ ಒಂದು ಫೋಟೋ ತೆಗಿ, ಮ್ಯಾನೇಜರ್‌ಗೆ ಕಳಿಸ್ತೀನಿ" ಅಂದರು.

ಮಾವನವರು ಕೈ ಎತ್ತಿದರು. "ಮೇಡಂ, ಇದು ಯಾರ ಹೆಸರಿನಾಗ ಅದ?"

ಮಾವನವರಿಗೆ ಇಂಗ್ಲಿಷ್ ಬಂದರೂ ಆಸ್ತಿ ವಿಷಯ ಬಂದರೆ ಬಾಯಿಗೆ ಬರೋದು ಧಾರವಾಡದ ಕನ್ನಡವೇ, ಹಾಗಾಗಿ ಯಜಮಾನರು ಅನುವಾದ ಮಾಡಿದರು. ಹುಡುಗಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ ಅಂತ ಕಾಣುತ್ತೆ, ಖುಷಿಯಾಗಿ ಹೇಳಿದಳು. ಮೊದಲು ರಾಜರು, ಆಮೇಲೆ ಚಕ್ರವರ್ತಿಗಳು, ಆಮೇಲೆ ಜರ್ಮನ್ನರು ಬಂದರು, ಆಮೇಲೆ ಕಮ್ಯುನಿಸ್ಟರು. ಈಗ ಚರ್ಚಿನವರು ನಮ್ಮದು ಅಂತಾರೆ, ಸರ್ಕಾರ ನಮ್ಮದು ಅನ್ನುತ್ತೆ, ಕೇಸು ಕೋರ್ಟಿನಲ್ಲಿದೆ.

ಮಾವನವರು ಕನ್ನಡಕ ತೆಗೆದು ಒರೆಸಿ, ಆ ಗಗನ ಮುಟ್ಟುವ ಶಿಖರವನ್ನು ಕೊನೇ ಸಲ ನೋಡಿದರು. "ಲಿಟಿಗೇಶನ್ ಪ್ರಾಪರ್ಟಿ. ಟೈಟಲ್ ಕ್ಲಿಯರ್ ಇಲ್ಲ. ಸಾಲಾ ಕೊಡ್ಲಿಕ್ಕೆ ಬರೂದಿಲ್ಲ."

ಚಪ್ಪಲಿ ಕಾದವರು

ಅತ್ತೆಯವರಿಗೆ ದೇವರ ಮನೆ ಯಾವ ದೇವರದಾದರೇನು, ಚಪ್ಪಲಿ ಹಾಕಿಕೊಂಡು ಒಳಗೆ ಹೋಗೋದು ಅಂದರೆ ಮೈಮೇಲೆ ಮುಳ್ಳು. ಆ ಮಧ್ಯಾಹ್ನ ಹೊಳೆ ಆಚೆಯ ಇನ್ನೊಂದು ಚರ್ಚಿನ ಮೆಟ್ಟಿಲ ಮೇಲೆ ನಮ್ಮೆಲ್ಲರ ಚಪ್ಪಲಿ, ಬೂಟು ಬಿಡಿಸಿದರು. ಒಳಗೆಲ್ಲ ಬಂಗಾರದ ಬಣ್ಣ, ಅಮೃತಶಿಲೆ, ಸೂರಿನ ತುಂಬ ಚಿತ್ರ, ಮೂಲೆ ಮೂಲೆಗೂ ರೆಕ್ಕೆ ಇರೋ ಮಕ್ಕಳ ಗೊಂಬೆ. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಅತ್ತೆ ಕೆನ್ನೆ ಮೇಲೆ ಕೈ ಇಟ್ಟುಕೊಂಡು, "ಶ್ರಾವಣ ಬಂತಂದ್ರ ಇದನ್ನೆಲ್ಲಾ ಒರಸವ್ರು ಯಾರವಾ?" ಅಂದರು.

ಮಾವನವರು ಚಪ್ಪಲಿ ಕಳುವಾದೀತು ಅಂತ ಬೇಗ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕಾವಲು ಕೂತಿದ್ದರು. ನಾವು ಬಂದು ನೋಡಿದರೆ ಅವರ ಅಕ್ಕಪಕ್ಕ ಬೂಟುಗಳ ಸಂತೆ. ನಮ್ಮ ಚಪ್ಪಲಿ ನೋಡಿ ಬಿಡಲೇಬೇಕು ಅನ್ನೋ ರೂಲ್ ಇರಬೇಕು ಅಂತ ಒಂದು ಬಸ್ಸಿನ ಟೂರಿಸ್ಟರೆಲ್ಲ ಸಾಲಾಗಿ ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗಿದ್ದರು. ವಾಪಸ್ ಬಂದವರು ಮಾವನವರ ಕೈಗೆ ಚಿಲ್ಲರೆ ಇಟ್ಟು ಥ್ಯಾಂಕ್ಯೂ ಹೇಳಿ ಹೋಗುತ್ತಿದ್ದರು.

"ಅಪ್ಪಾ, ನೀವು ಬ್ಯಾಂಕ್ ಮ್ಯಾನೇಜರ್ ಆಗಿದ್ದವರು!" ಯಜಮಾನರಿಗೆ ಅವಮಾನ.

"ಏನಾತೀಗ? ಅಲ್ಲೂ ಮಂದಿ ಇಟ್ಟದ್ದು ಕಾಯೂದs ಕೆಲಸ ಇತ್ತು" ಅಂದರು ಮಾವನವರು. "ಅಲ್ಲೆ ಯಾರೂ ಥ್ಯಾಂಕ್ಯೂ ಅಂದಿದ್ದಿಲ್ಲ."

ಗಡಿಯಾರದ ಯಮ

ಮಾರನೇ ದಿನ ಹೊಳೆ ದಂಡೆಯಲ್ಲಿ ಒಂದು ಹೊಸ ಕಟ್ಟಡ ಕಂಡಿತು. ನಡು ಬಳುಕಿಸಿ ನಿಂತ ಗಾಜಿನ ಗೋಪುರ, ಅದನ್ನು ಹಿಡಿದುಕೊಂಡ ಹಾಗೆ ಇನ್ನೊಂದು. "ಅಜ್ಜಾ, ಇಟ್ಸ್ ಡ್ಯಾನ್ಸಿಂಗ್!" ಅಂತ ಮಗಳು ಕುಣಿದಳು. ಮಾವನವರು ತಾವೂ ಸ್ವಲ್ಪ ಬಾಗಿ ನಿಂತು ನೋಡಿದರು. "ಇದಕ್ಕ ಕಂಪ್ಲೀಶನ್ ಸರ್ಟಿಫಿಕೇಟ್ ಕೊಟ್ಟಾಂವ ಕುಡದಿದ್ದನೇನು?" ಅಂದರು. ಆದರೂ ಮೊಮ್ಮಗಳ ಕೈ ಹಿಡಿದು ಫುಟ್‌ಪಾತಿನ ಮೇಲೆ ಎರಡು ಹೆಜ್ಜೆ ಹಾಕಿದರು. ಮನಸ್ಸು ಮೆತ್ತಗಾಗಿದೆ, ಸಂಜೆ ಮನೆ ವಿಷಯ ಎತ್ತೋಣ ಅಂದುಕೊಂಡೆ.

ಆದರೆ ಸಂಜೆಗೆ ಮುಂಚೆ ಆ ಪ್ರಸಿದ್ಧ ಗಡಿಯಾರ ನೋಡೋಕೆ ಹೋದೆವು. ನನ್ನ ಗ್ರಹಚಾರ. ಹಳೇ ಪುರಭವನದ ಗೋಡೆ ಮೇಲೆ ಹನ್ನೆರಡು ರಾಶಿ, ಸೂರ್ಯ, ಚಂದ್ರ ಎಲ್ಲಾ ತಿರುಗೋ ಗಡಿಯಾರ. ಮಾವನವರು "ಆಹಾ, ಪಂಚಾಂಗ!" ಅಂತ ಮೇಷದಿಂದ ಮೀನದ ತನಕ ಮೊಮ್ಮಗಳಿಗೆ ಗುರುತು ಹಿಡಿದು ತೋರಿಸಿದರು. ಅಷ್ಟರಲ್ಲಿ ಗಂಟೆ ಆಯಿತು. ಗಡಿಯಾರದ ಪಕ್ಕದಲ್ಲಿ ನಿಂತಿದ್ದ ಒಂದು ಅಸ್ಥಿಪಂಜರ ಕೈ ಎತ್ತಿ ಟಣ್ ಟಣ್ ಅಂತ ಗಂಟೆ ಬಾರಿಸಿತು. ಸುತ್ತಲಿನ ಗೊಂಬೆಗಳು ಬರಲ್ಲ, ಬರಲ್ಲ ಅಂತ ತಲೆ ಅಲ್ಲಾಡಿಸಿದವು.

ಮಾವನವರು ಮೆಲ್ಲಗೆ ಜೇಬಿಗೆ ಕೈ ಹಾಕಿದರು. ನಾನು ಕಣ್ಣು ಮುಚ್ಚಿಕೊಂಡೆ.

"ದಕ್ಷಿಣದ ಗ್ವಾಡಿ!" ಚೌಕದ ಪಾರಿವಾಳಗಳೆಲ್ಲ ಎದ್ದು ಹಾರೋ ಹಾಗೆ ಕೂಗಿದರು. "ನೋಡವಾ, ಇವರೂ ಯಮನ್ನ ಬರೋಬ್ಬರಿ ದಕ್ಷಿಣಕ್ಕs ನಿಲ್ಲಿಸ್ಯಾರ! ಶಾಸ್ತ್ರ ಎಲ್ಲಾ ಕಡೆ ಒಂದs!"

ಸುತ್ತಲಿದ್ದ ಟೂರಿಸ್ಟರು ಗಡಿಯಾರಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ನನಗೆ ಮಾವನವರಿಗೇ ತಟ್ಟಿದ ಹಾಗೆ ಕೇಳಿಸಿತು.

ಸೇತುವೆಯ ಮೇಲೆ, ಅಜ್ಜಿಯ ಅಡುಗೆಮನೆಯಲ್ಲಿ

ಆ ಸಂಜೆ ಹಳೇ ಕಲ್ಲು ಸೇತುವೆಯ ಮೇಲೆ ನನಗೆ ತಡೆಯಲಾಗಲಿಲ್ಲ. "ಮಾವ, ನನಗೆ ಆ ಮನೆ ಬೇಕು. ಬಾಡಿಗೆ ಗೋಡೆಗೆ ಮೊಳೆ ಹೊಡೆಯೋಕೂ ಹೆದರಿ ಹೆದರಿ ಸಾಕಾಗಿದೆ. ಒಂದು ಬಾಗಿಲಿಗೋಸ್ಕರ ಇಷ್ಟು ಹಠ ಮಾಡಬೇಡಿ" ಅಂದುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಬಂದಿದ್ದಕ್ಕೆ ಇನ್ನೂ ಸಿಟ್ಟು ಬಂತು.

ಮಾವನವರು ಸೇತುವೆಯ ಕಟ್ಟೆಗೆ ಒರಗಿದರು. "ನಿನಗ ಮನಿ ತಪ್ಪಿಸಬೇಕಂತ ಅಲ್ಲವಾ" ಅಂದರು. "ನೀವು ಮೂವರೂ ಅಷ್ಟು ದೂರ ಇರ್ತೀರಿ. ಜ್ವರಾ ಬಂದ್ರ ಔಷಧಾ ತಂದು ಕೊಡ್ಲಿಕ್ಕೆ ನನ್ನ ಕಡೆಯಿಂದ ಆಗೂದಿಲ್ಲ. ಕೂಸಿಗೆ ಸಾಲಿಗೆ ಬಿಡ್ಲಿಕ್ಕೆ ಆಗೂದಿಲ್ಲ. ನಾ ಮಾಡೂ ಹಂಗ ಇರೂದು ಇದೊಂದs, ಬಾಗಲಾ ನೋಡೂದು. ಅದನ್ನೂ ಸರಿಯಾಗಿ ನೋಡದ ಹೆಂಗ ಹೋಗ್ಲಿ?"

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಇಂಥ ಮನುಷ್ಯನ ಜೊತೆ ಜಗಳ ಆಡೋದು ಹೇಗೆ ಹೇಳಿ? ಹೋಗಲಿ ಬಿಡಿ ಮಾವ, ಬೇರೆ ಮನೆ ನೋಡೋಣ ಅಂದೆ. ಮನಸಾರೆ ಹೇಳಿದೆ.

ಹೊರಡೋ ದಿನ ಅಜ್ಜಿ ನಮ್ಮನ್ನೆಲ್ಲ ತಮ್ಮ ಅಡುಗೆಮನೆಗೆ ಕರೆದು ಸೇಬಿನ ಕೇಕ್ ಕೊಟ್ಟರು. ಮಾವನವರು ಮಗನ ಮೂಲಕ ಕೇಳಿಸಿದರು, "ಈ ಮನ್ಯಾಗ ಎಷ್ಟು ವರ್ಷದಿಂದ ಇದ್ದೀರಿ?" ಅಜ್ಜಿ ಹುಟ್ಟಿದ್ದೇ ಅಲ್ಲಿ, ಮದುವೆಯಾಗಿದ್ದೂ ಅಲ್ಲಿ. ಎಂಬತ್ತು ದಾಟಿದೆ. ಮಕ್ಕಳು, ಮೊಮ್ಮಕ್ಕಳು ಎಲ್ಲಾ ಚೆನ್ನಾಗಿದ್ದಾರೆ.

"ಯಜಮಾನ್ರು?" ಮಾವನವರು ಸಂಕೋಚದಿಂದ ಕೇಳಿದರು.

ಅಜ್ಜಿ ನಿಟ್ಟುಸಿರು ಬಿಟ್ಟು ಕಿಟಕಿಯಾಚೆ ಕೈ ತೋರಿಸಿದರು. ನಾವೆಲ್ಲ ತಲೆ ತಗ್ಗಿಸಿದೆವು. "ಎದುರಿನ ಅಂಗಡೀಲಿ ಬಿಯರ್ ಕುಡೀತಾ ಕೂತಿದ್ದಾನೆ" ಅಂದರು ಅಜ್ಜಿ.

ಮಾವನವರಿಗೆ ಕೇಕ್ ಗಂಟಲಲ್ಲಿ ಸಿಕ್ಕಿಕೊಂಡಿತು. "ದಕ್ಷಿಣದ ಬಾಗಲಾ ಇದ್ದೂ ಇಷ್ಟು ಛಲೋ ಇದ್ದೀರಲ್ಲ?"

ಅಜ್ಜಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. "ಮುಂದಿನ ಬಾಗಿಲಾ? ಅದು ಬಾಡಿಗೆಯವರಿಗೆ, ಆಗಿನ ಕಾಲದಲ್ಲಿ ಪೊಲೀಸರಿಗೆ. ಮನೆಯವರು ಯಾವತ್ತೂ ಅಂಗಳದ ಕಡೆಯಿಂದಲೇ ಬರೋದು. ನೀವು ಬರ್ತೀರಲ್ಲ, ಹಾಗೆ."

ಮಾವನವರು ಆಮೇಲೆ ದಿಕ್ಸೂಚಿ ಜೇಬಿನಿಂದ ತೆಗೆಯಲೇ ಇಲ್ಲ. ಟ್ಯಾಕ್ಸಿಯಲ್ಲೂ ಇಲ್ಲ. ವಿಮಾನ ಹತ್ತಿ ಬೆಲ್ಟ್ ಬಿಗಿದ ಮೇಲೆ ನನ್ನ ಕಡೆ ಬಗ್ಗಿದರು. "ಯವ್ವಾ, ಪ್ಲೇನೋದಾಗ ಮಂದಿ ಮನಿಗೆ ಯಾವ ಕಡಿಂದ ಬರ್ತಾರ?"

"ಕಾರಲ್ಲಿ ಮಾವ. ಹಿಂದಿನ ಗಲ್ಲಿಯಿಂದ ಸೀದಾ ಗ್ಯಾರೇಜಿಗೆ. ಮುಂದಿನ ಬಾಗಿಲಿಗೆ ಪಿಜ್ಜಾದವನು ಬಿಟ್ಟರೆ ಯಾರೂ ಬರಲ್ಲ."

"ಆ ಮನಿ ಗ್ಯಾರೇಜ್ ಯಾವ ದಿಕ್ಕಿಗೆ ಅದ?"

ನಾನು ಬೆಲ್ಟ್ ಕಟ್ಟಿಕೊಂಡೇ ಎದ್ದು ನಿಲ್ಲೋಕೆ ಹೋದೆ. "ಉತ್ತರಕ್ಕೆ, ಮಾವ!"

"ಕುಬೇರನ ದಿಕ್ಕು" ಅಂದರು ಮಾವನವರು, ಕಣ್ಣು ಮುಚ್ಚಿಕೊಂಡು. "ಮೊದಲs ಹೇಳೂದಲ್ಲೇನವಾ?"

ಗೃಹಪ್ರವೇಶ

ಮನೆ ನಮ್ಮದಾಯಿತು. ಗೃಹಪ್ರವೇಶಕ್ಕೆ ಪುರೋಹಿತರು ಆಸ್ಟಿನ್‌ನಿಂದ ಬಂದರು. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಟೆಸ್ಟರ್, ಶನಿವಾರ ಭಾನುವಾರ ಪಂಚೆ. ಗ್ಯಾರೇಜಿನಿಂದ ಪ್ರವೇಶ ಮಾಡಬಹುದಾ ಅಂತ ಕೇಳಿದ್ದಕ್ಕೆ ಗಂಭೀರವಾಗಿ ಯೋಚಿಸಿ, "ಶಾಸ್ತ್ರದ ರಿಕ್ವೈರ್‌ಮೆಂಟಿನಲ್ಲಿ ಗ್ಯಾರೇಜೇ ಇಲ್ಲ. ಇಲ್ಲ ಅಂದ ಮೇಲೆ ಬಗ್ ಅಂತ ಹೇಳೋಕಾಗಲ್ಲ. ನಡೀರಿ" ಅಂದರು.

ಹಿಂದಿನ ಗಲ್ಲಿಯಲ್ಲಿ ಕಸದ ಡಬ್ಬಿಗಳನ್ನು ಸರಿಸಿ ಅತ್ತೆ ದೊಡ್ಡ ರಂಗೋಲಿ ಹಾಕಿದರು. ಹೊಸಿಲು ಇಲ್ಲವಲ್ಲ ಅಂತ ಯಜಮಾನರು ಒಂದು ಮರದ ಪಟ್ಟಿ ತಂದು ಅರಿಶಿನ ಹಚ್ಚಿ ಅಡ್ಡ ಇಟ್ಟರು. ಮಾವನವರು ಗ್ಯಾರೇಜ್ ಬಾಗಿಲಿಗೆ ಮಾವಿನೆಲೆ ತೋರಣವನ್ನು ತಾವೇ ನಿಂತು ಟೇಪ್ ಹಾಕಿ ಅಂಟಿಸಿದರು. ನಾನು ಕಳಶ ಹಿಡಿದು ನಿಂತೆ. ಪುರೋಹಿತರು "ದ್ವಾರ ತೆಗೀರಿ" ಅಂದರು. ಮಗಳು ರಿಮೋಟ್ ಒತ್ತಿದಳು. ಗರ್‌ರ್ ಅಂತ ಬಾಗಿಲು ಮೇಲೆದ್ದಿತು, ಬಾಗಿಲ ಜೊತೆ ತೋರಣವೂ ಎದ್ದು ಸೂರಿನೊಳಗೆ ಸುತ್ತಿಕೊಂಡು ಹೋಯಿತು. ಎರಡು ಎಲೆ ಮಾತ್ರ ಪುರೋಹಿತರ ತಲೆ ಮೇಲೆ ಬಿದ್ದವು. "ಮೇಲಿಂದ ಆಶೀರ್ವಾದ ಬಂತು" ಅಂದರು ಮಾವನವರು. ಹುಲ್ಲು ಕತ್ತರಿಸೋ ಮೆಷಿನ್ನಿನ ಪಕ್ಕದಿಂದ ಬಲಗಾಲಿಟ್ಟು ನನ್ನ ಮನೆಗೆ ನಾನು ಒಳಗೆ ಹೋದೆ.

ಒಲೆ ಮೇಲೆ ಹಾಲು ಉಕ್ಕುತ್ತಿತ್ತು, ಸಿಂಕ್ ಮುಂದಿನ ಕಿಟಕಿಯಲ್ಲಿ ಪೀಕಾನ್ ಮರ ಕಾಣುತ್ತಿತ್ತು. ಆಗ ಮುಂದಿನ ಬಾಗಿಲ ಬೆಲ್ ಹೊಡೆಯಿತು.

"ಯಾರೂ ತೆಗೀಬ್ಯಾಡ್ರಿ!" ಮಾವನವರು ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತರು. "ಇವತ್ತೊಂದು ದಿನ ದಕ್ಷಿಣಕ್ಕ ಬಂದವರು ಹೊರಗs ಇರ್ಲಿ."

ಮಗಳು ಕಿಟಕಿಯಿಂದ ಇಣುಕಿದಳು. "ಅಜ್ಜಾ, ಇಟ್ಸ್ ಕ್ಲಿಯರ್ ಲೇಕ್ ಅಂಕಲ್!"

"ಹ್ಯೂಸ್ಟನ್ ಯಾವ ಕಡೆ ಅದ?"

"ದಕ್ಷಿಣಕ್ಕೆ" ಅಂದರು ಯಜಮಾನರು, ಬಾಯಿ ತಪ್ಪಿ.

"ಮತ್ತ? ಹಿಂದಿನಿಂದ ಬರ್ಲಿಕ್ಕೆ ಹೇಳು."

ಟೆಕ್ಸಾಸಿನ ಆಗಸ್ಟ್ ಬಿಸಿಲು. ಅಂಕಲ್ ಕೈಯಲ್ಲಿ ಪುಳಿಯೋಗರೆಯ ದೊಡ್ಡ ಪಾತ್ರೆ. ಮನೆ ಪಕ್ಕದಲ್ಲಿ ದಾರಿ ಇಲ್ಲ, ಎತ್ತರದ ಬೇಲಿ. ನಾನು ಕಿಟಕಿಯೊಳಗಿಂದ ಕೈ ಸನ್ನೆ ಮಾಡಿದೆ. ಅವರು ಕಾರನ್ನು ಬೀದಿ ತುದಿಯಲ್ಲಿ ನಿಲ್ಲಿಸಿದ್ದರಂತೆ, ಪಾತ್ರೆ ಹೊತ್ತು ಇಡೀ ಬ್ಲಾಕ್ ಸುತ್ತಿ, ಹಿಂದಿನ ಗಲ್ಲಿಯ ಒಂದೇ ಥರದ ಗ್ಯಾರೇಜುಗಳಲ್ಲಿ ನಮ್ಮದು ಯಾವುದು ಅಂತ ಹುಡುಕಿ, ರಂಗೋಲಿ ನೋಡಿ ಗುರುತು ಹಿಡಿದು ಬಂದರು. ಷರ್ಟು ಮೈಗೆ ಅಂಟಿತ್ತು, ಮುಖ ಕೆಂಪಗೆ ಕಾದಿತ್ತು. ಮಾವನವರೇ ಪಾತ್ರೆ ಇಸಿದುಕೊಂಡು, ಕುರ್ಚಿ ಎಳೆದು ಕೂರಿಸಿ, ಮಜ್ಜಿಗೆ ಕೊಟ್ಟರು.

ಅಂಕಲ್ ಒಂದೇ ಗುಟುಕಿಗೆ ಲೋಟ ಖಾಲಿ ಮಾಡಿ ಉಸಿರು ಬಿಟ್ಟರು.

"ದಕ್ಷಿಣದ ಬಾಗಿಲು ಅಪಾಯ ಅಂತ ನಾನೇ ಹೇಳಿದ್ದೆ ಸಾರ್" ಅಂದರು. "ಆದರೆ ಅದು ಹೊರಗೆ ನಿಂತವರಿಗೆ ಅಂತ ನನಗೂ ಗೊತ್ತಿರಲಿಲ್ಲ."